ಕೈಗೆಲಸದ ಪುಟ: ಹಳೆಯ ಇದ್ದಲ ಗ್ರಿಲ್ಲೂ ತುಕ್ಕು ಹಿಡಿದ ತಿರುಪೂ

ಅಮೆರಿಕೆಯಲ್ಲಿ ವಸಂತಕಾಲ ಬಂತೆಂದರೆ ಜನರು ತಮ್ಮ ತಮ್ಮ ಮನೆಯಂಗಳದಲ್ಲಿ ಬೇಡವಾದ ಸಾಮಾನುಗಳನ್ನು ಹರವಿಕೊಂಡು ಸಿಕ್ಕಿದ ಬೆಲೆಗೆ ಮಾರುವ ಪದ್ಧತಿಯುಂಟು. ಅಲ್ಲಿ ಕುರ್ಚಿ, ತೊಟ್ಟಿಲು, ಪುಸ್ತಕಗಳ ನಡುವೆ ಹಳೆಯದೊಂದು ಇದ್ದಲ ಗ್ರಿಲ್ಲು ಮೂರು ಕಾಲುಗಳ ಮೇಲೆ ಓರೆಯಾಗಿ ನಿಂತಿರುವುದು ಅಪರೂಪವಲ್ಲ. ಆ ದೇಶದಲ್ಲಿ ನೆಲಸಿರುವ ಕನ್ನಡದ ಸಂಸಾರಗಳಿಗೂ ಈ ವಸ್ತುವಿನ ಮೇಲೆ ಆಸೆ ಹುಟ್ಟುವುದು ಸಹಜವೇ. ಯಾತಕ್ಕೆಂದರೆ, ಗೊಜ್ಜಿಗೆಂದು ಬದನೆಕಾಯನ್ನು ಸುಡಬೇಕಾದರೂ, ಮುಸುಕಿನ ಜೋಳದ ತೆನೆಯನ್ನು ಹದವಾಗಿ ಸುಟ್ಟು ಉಪ್ಪುಖಾರ ನಿಂಬೆಹುಳಿ ಹಚ್ಚಬೇಕಾದರೂ ಕೆಂಡವು ಕೊಡುವ ರುಚಿಯನ್ನು ವಿದ್ಯುತ್ತಿನ ಒಲೆಯು ಕೊಡಲಾರದು.

ಊರಿನಲ್ಲಿರುವ ವಾಚಕರಿಗಾಗಿ ಈ ಒಲೆಯ ವಿಷಯ ನಾಲ್ಕು ಮಾತು ಹೇಳಬೇಕಾಗಿದೆ. ಇದು ಎರಡು ಅರ್ಧಗೋಳಗಳಿಂದಾದ ಪಾತ್ರೆ. ಕೆಳಗಿನದು ಬೋಗುಣಿ, ಮೇಲಿನದು ಮುಚ್ಚಳ. ಬೋಗುಣಿಯಲ್ಲಿ ಇದ್ದಲು ಉರಿಯುತ್ತದೆ, ಅದರ ಮೇಲಿನ ಕಂಬಿಜಾಲರಿಯ ಮೇಲೆ ಪದಾರ್ಥ ಬೇಯುತ್ತದೆ, ಮೇಲೂ ಕೆಳಗೂ ಇರುವ ಗಾಳಿಕಿಂಡಿಗಳನ್ನು ತೆರೆದು ಮುಚ್ಚಿ ಬೆಂಕಿಯನ್ನು ಹತೋಟಿಯಲ್ಲಿಡುತ್ತಾರೆ. 1952ನೆಯ ಇಸವಿಯಲ್ಲಿ ಷಿಕಾಗೋ ನಗರದ ವೆಬರ್ ಸೋದರರ ಲೋಹದ ಕಾರ್ಖಾನೆಯಲ್ಲಿ ಕೆಲಸಮಾಡುತ್ತಿದ್ದ ಜಾರ್ಜ್ ಸ್ಟೀಫನ್ ಎಂಬವರು, ಅಲ್ಲಿ ತಯಾರಾಗುತ್ತಿದ್ದ ತೇಲುಬುರುಡೆಯನ್ನು, ಎಂದರೆ ಹಡಗುಗಳಿಗೆ ದಾರಿ ತೋರಲು ನೀರಿನ ಮೇಲೆ ತೇಲಬಿಡುವ ಲೋಹದ ಗೋಳವನ್ನು, ಇಬ್ಭಾಗ ಮಾಡಿ ಕಾಲು ಹಚ್ಚಿ ಈ ಮಾದರಿಯನ್ನು ಮೊದಲು ನಿರ್ಮಿಸಿದರು. ಉಕ್ಕಿನ ತಗಡಿನ ಮೇಲೆ ಎನಾಮೆಲ್ಲನ್ನು ಕಾಯಿಸಿ ಕೂರಿಸಿದ ಬೋಗುಣಿಯಾದ್ದರಿಂದ, ಮಳೆ ಹಿಮಗಳನ್ನು ತಾಳಿಕೊಂಡು ಮೂವತ್ತು ನಲವತ್ತು ವರ್ಷ ಬಾಳಿದ ಗ್ರಿಲ್ಲುಗಳು ಇಂದಿಗೂ ದೊರೆಯುತ್ತವೆ. ಬೋಗುಣಿ ಹೊಸದರಂತೆ ಹೊಳೆಯುತ್ತಿರುತ್ತದೆ. ಆದರೆ ಅದನ್ನು ಹಿಡಿದು ನಿಲ್ಲಿಸಿರುವ ತಿರುಪು, ನಟ್ಟು, ಕೀಲುಗಳು ಮಾತ್ರ ತುಕ್ಕಿನ ಮುದ್ದೆಯಾಗಿರುತ್ತವೆ.

ಇಂಥ ಗ್ರಿಲ್ಲನ್ನು ಕೊಂಡುತಂದವರು ಸಾಮಾನ್ಯವಾಗಿ ಮಾಡುವುದೇನೆಂದರೆ, ಹೊರಗಿನ ಕೊಳೆಯನ್ನು ತೊಳೆದು, ತುಕ್ಕಿನ ಮೇಲೆ ಕಪ್ಪುಬಣ್ಣವನ್ನು ಬಳಿದು, ಅಂದೇ ಸಂಜೆ ಬೆಂಕಿ ಹಾಕುವುದು. ಇದನ್ನು ನಾವು ಸರ್ವಥಾ ಒಪ್ಪುವುದಿಲ್ಲ. ಮೂರು ಕಾಲುಗಳ ಮೇಲೆ ನಿಂತ ವಸ್ತುವಿಗೆ ಒಂದು ಕಾಲು ಕೈಕೊಟ್ಟರೆ ಉಳಿದೆರಡು ಅದನ್ನು ಎತ್ತಿಹಿಡಿಯಲಾರವು. ಬೋಗುಣಿಯ ತುಂಬ ಕೆಂಡವಿದ್ದು, ಸುತ್ತಲೂ ಮಕ್ಕಳು ಜೋಳದ ತೆನೆಗಾಗಿ ಕಾದು ನಿಂತಿರುವ ಸಮಯದಲ್ಲಿ ಬಣ್ಣದ ಅಡಿಯಲ್ಲಿ ಸವೆದುಹೋಗಿದ್ದ ತಿರುಪು ಮುರಿದರೆ ಆಗುವ ಅನಾಹುತವನ್ನು ವಿವರಿಸಬೇಕಾದುದಿಲ್ಲ. ಹಿಡಿಕೆಯ ತಿರುಪಿನ ಮಾತೂ ಹಾಗೆಯೇ. ಕಾದ ಮುಚ್ಚಳವನ್ನು ಎತ್ತಿದಾಗ ಹಿಡಿಕೆಯೊಂದೇ ಕೈಗೆ ಬಂದು ಮುಚ್ಚಳವು ಪಾದದ ಮೇಲೆ ಬೀಳಬಾರದಷ್ಟೆ. ಆದಕಾರಣ ಭಾರವನ್ನು ಹೊರುವ ತಿರುಪು ಯಾವುದೇ ಇರಲಿ, ಅದರ ತಲೆಯಾಗಲಿ ನಟ್ಟಾಗಲಿ ತುಕ್ಕಿನಿಂದ ಆಕಾರಗೆಟ್ಟಿದ್ದರೆ ಅದನ್ನು ತೆಗೆದು ಹೊಸದನ್ನು ಹಾಕಲೇಬೇಕು.

ಇನ್ನು, ಬೋಗುಣಿಗಿಲ್ಲದ ತುಕ್ಕು ತಿರುಪಿಗೆ ಮಾತ್ರ ಏಕೆ ಬಂತು? ತಿರುಪಿನ ಮೇಲೆ ಎನಾಮೆಲ್ಲಿಲ್ಲ. ಅದರ ಮೇಲಿದ್ದ ತೆಳುವಾದ ಸತುವಿನ ಲೇಪವು ಕೆಲವು ವರ್ಷಗಳಲ್ಲಿ ತೀರಿಹೋಯಿತು. ಅದಕ್ಕಿಂತ ಮುಖ್ಯವಾದ ಕಾರಣ ಬೂದಿ. ಕಟ್ಟಿಗೆಯ ಬೂದಿಯಲ್ಲಿ ಪೊಟಾಸಿಯಂ ಕಾರ್ಬೊನೇಟ್ ಎಂಬ ಕ್ಷಾರವಿರುತ್ತದೆ. ಅದು ಗಾಳಿಯಲ್ಲಿರುವ ತೇವವನ್ನು ತಾನೇ ಹೀರಿಕೊಂಡು ಒದ್ದೆಯಾಗುವ ಗುಣವುಳ್ಳದ್ದು. ನಮ್ಮ ಅಜ್ಜಿಯಂದಿರು ಬೂದಿಯನ್ನು ನೀರಿನಲ್ಲಿ ನೆನಸಿ ಅದರ ತಿಳಿಯಿಂದ ಬಟ್ಟೆ ಒಗೆಯುತ್ತಿದ್ದುದನ್ನು ನೆನೆದರೆ ಈ ಕ್ಷಾರದ ಶಕ್ತಿ ತಿಳಿದೀತು. ಅಡಿಗೆಯಿಂದ ಸೋರಿದ ಉಪ್ಪೂ ಇದಕ್ಕೆ ಸೇರುತ್ತದೆ. ಹೀಗೆ ಬೂದಿಯ ಅಡಿಯಲ್ಲಿ ಸಿಕ್ಕಿಕೊಂಡ ತಿರುಪು ಮಳೆಯಿಲ್ಲದ ದಿನವೂ ಹಸಿಯಾಗಿಯೇ ಇದ್ದು ಒಳಗೊಳಗೇ ಸವೆಯುತ್ತದೆ. ಕಾಲಾಗಲಿ ಬೂದಿತಟ್ಟೆಯಾಗಲಿ ಅಲ್ಯುಮಿನಿಯಮ್ಮಿನದಾಗಿ ತಿರುಪು ಉಕ್ಕಿನದಾಗಿದ್ದರಂತೂ, ಒದ್ದೆಯಾದಾಗಲೆಲ್ಲ ಎರಡು ಬೇರೆ ಲೋಹಗಳ ನಡುವೆ ಸಣ್ಣ ವಿದ್ಯುತ್ಕೋಶವೇ ಏರ್ಪಟ್ಟು ಅಲ್ಯುಮಿನಿಯಮ್ಮು ಕರಗಿ ಬಿಳಿಯ ಪುಡಿಯಾಗಿ ತಿರುಪಿನ ಸುತ್ತ ಗಾರೆಯಂತೆ ಕೂಡುತ್ತದೆ.

ತುಕ್ಕಿಗೆ ಇನ್ನೊಂದು ಗುಣವುಂಟು. ತಾನು ತಿಂದ ಕಬ್ಬಿಣವು ಎಷ್ಟು ಜಾಗದಲ್ಲಿತ್ತೋ ಅದರ ಎರಡು ಪಟ್ಟಿಗೂ ಮೀರಿದ ಜಾಗವನ್ನು ಅದು ಆಕ್ರಮಿಸುತ್ತದೆ. ತಿರುಪಿನ ಸುರುಳಿಗಳ ನಡುವೆ ಇರುವ ಕೂದಲೆಳೆಯಷ್ಟು ಸಂದಿನಲ್ಲಿ ಅದು ಬೆಳೆದಾಗ ಬೆಣೆ ಹೊಡೆದಂತಾಗುತ್ತದೆ. ಆಗ ತಿರುಪುಳಿಗೆ ಎಷ್ಟು ಬಲ ಹಾಕಿದರೂ ಆ ಬಲವು ಸುರುಳಿಯನ್ನು ಬಿಡಿಸುವುದಿಲ್ಲ; ಸವೆದು ಸಣ್ಣಗಾದ ಕುತ್ತಿಗೆಯನ್ನು ತುಂಡರಿಸುತ್ತದೆ.

ಆದ್ದರಿಂದ ಕೆಲಸಕ್ಕೆ ತೊಡಗುವ ಮೊದಲೇ ಒಂದು ನಿಶ್ಚಯ ಮಾಡಿಕೊಳ್ಳುವುದು ಒಳ್ಳೆಯದು. ಹೊಸ ತಿರುಪಿಗೆ ತಗಲುವ ವೆಚ್ಚ ಕೆಲವೇ ಕಾಸು. ಎನಾಮೆಲ್ಲಾದರೋ ಗಾಜಿನ ಜಾತಿಯದು. ಸುಮಾರು 800 ಡಿಗ್ರಿ ಸೆಂಟಿಗ್ರೇಡ್ ಶಾಖದಲ್ಲಿ ಕರಗಿ ಉಕ್ಕಿಗೆ ಅಂಟಿದ ಗಾಜು. ಒಮ್ಮೆ ಸಿಡಿದರೆ ಮನೆಯಲ್ಲಿ ಅದನ್ನು ಮತ್ತೆ ಕೂರಿಸುವ ಉಪಾಯವಿಲ್ಲ. ತಿರುಪನ್ನು ಉಳಿಸಲು ಹೋಗಿ ಬೋಗುಣಿಯನ್ನು ಕೆಡಿಸುವುದು, ಗಾದೆಯಲ್ಲಿ ಹೇಳುವಂತೆ, ಇಲಿಗೆ ಹೆದರಿ ಮನೆಗೆ ಬೆಂಕಿ ಇಟ್ಟಂತೆ. ತಿರುಪು ಹಾಳಾಗಲಿ, ಅದು ಕೂತ ಜಾಗ ಉಳಿಯಲಿ.

ಮೊದಲನೆಯ ದಿನ ಬಲಪ್ರಯೋಗದ ಮಾತೇ ಕೂಡದು. ಬೂದಿ ಜಿಡ್ಡುಗಳನ್ನು ಕೆರೆದು, ಸಬೂನಿನ ಬಿಸಿನೀರಿನಿಂದ ತೊಳೆದು, ಚೆನ್ನಾಗಿ ಒಣಗಿಸತಕ್ಕದ್ದು. ಆಮೇಲೆ ಗಟ್ಟಿ ಕುಂಚದಿಂದ ತಿರುಪಿನ ಹೊರಗೆ ಕಾಣುವ ಸುರುಳಿಗಳನ್ನು ಉಜ್ಜಿ, ತಲೆಯ ಸೀಳಿನಲ್ಲಿ ಕೂತಿರುವ ತುಕ್ಕನ್ನು ಸೂಜಿಮೊನೆಯಿಂದ ಬಿಡಿಸಬೇಕು. ಇದು ಅಲ್ಪ ಕೆಲಸವೆಂದು ತೋರಬಹುದು. ಆದರೆ ಸೀಳು ಪೂರ್ತಿ ಖಾಲಿಯಾಗದಿದ್ದರೆ ತಿರುಪುಳಿಯ ತುದಿ ಆಳಕ್ಕಿಳಿಯದೆ ಜಾರಿ ತಲೆಯನ್ನು ಸವೆಸುತ್ತದೆ. ಬಳಿಕ ಸಂದುಗಳಿಗೆ ಒಳಹೊಗುವ ತೆಳು ಎಣ್ಣೆಯನ್ನು ಬಿಡುವುದು. ಈ ಕೆಲಸಕ್ಕೆಂದೇ ಮಾಡಿದ ಎಣ್ಣೆಗಳು ಅಂಗಡಿಗಳಲ್ಲಿ ದೊರೆಯುತ್ತವೆ. ಎಲ್ಲರ ಮನೆಯಲ್ಲಿಯೂ ಇರುವ ಡಬ್ಲ್ಯೂಡಿ-40 ಎಂಬುದು 1953ರಲ್ಲಿ ಸ್ಯಾನ್ ಡಿಯಾಗೋ ನಗರದಲ್ಲಿ ಹುಟ್ಟಿದ್ದು. ನೀರನ್ನು ಹೊರದೂಡುವ ದ್ರವಕ್ಕಾಗಿ ನಡೆಸಿದ ನಲವತ್ತನೆಯ ಪ್ರಯತ್ನವೆಂಬುದೇ ಆ ಹೆಸರಿನ ಅರ್ಥ. ಅದು ತುಕ್ಕು ಬಾರದಂತೆ ತಡೆಯುವುದರಲ್ಲಿ ಸಮರ್ಥವಾದರೂ ಬಂದು ಬಿಗಿದ ತುಕ್ಕಿಗೆ ಪ್ರತ್ಯೇಕವಾದ ಎಣ್ಣೆಯೇ ಮೇಲೆಂದು ನಮ್ಮ ಅಭಿಪ್ರಾಯ. ಏನೂ ಸಿಕ್ಕದಿದ್ದರೆ ಸೀಮೆಎಣ್ಣೆಯೂ ಆದೀತು. ಅದು ನಿಧಾನ, ಅಷ್ಟೆ. ಹನಿ ಬಿಟ್ಟು, ತಿರುಪಿನ ತಲೆಯನ್ನು ಸಣ್ಣ ಸುತ್ತಿಗೆಯಿಂದ ಮೆಲ್ಲಗೆ ಹತ್ತಾರು ಸಲ ತಟ್ಟಿ, ಸಂಜೆ ಮತ್ತೊಮ್ಮೆ ಹನಿ ಬಿಟ್ಟು, ಮರುದಿನದವರೆಗೆ ಹಾಗೆಯೇ ಬಿಡುವುದು. ಮೂರು ದಿನ ಹೀಗೆ ಮಾಡಿದರೂ ನಷ್ಟವೇನೂ ಇಲ್ಲ. ತಟ್ಟುವಾಗ ಮಾತ್ರ ಹಿಂದುಗಡೆಯಿಂದ ಮರದ ದಿಮ್ಮಿಯನ್ನೋ ಬಟ್ಟೆ ಸುತ್ತಿದ ಭಾರವಾದ ಕಬ್ಬಿಣವನ್ನೋ ಆನಿಸಿ ಹಿಡಿದಿರಬೇಕು. ಇಲ್ಲದಿದ್ದರೆ ಪೆಟ್ಟಿನ ಅದುರು ಎನಾಮೆಲ್ಲಿಗೆ ತಗಲುತ್ತದೆ.

ತಿರುಗಿಸುವಾಗ ಸೀಳಿಗೆ ಸರಿಯಾಗಿ ತುಂಬುವ ಅಗಲದ ತಿರುಪುಳಿಯನ್ನೇ ಆರಿಸಿಕೊಂಡು, ನಟ್ಟನ್ನು ಸರಿಯಳತೆಯ ಸ್ಪಾನರಿನಿಂದ ಹಿಡಿಯತಕ್ಕದ್ದು. ಬಿಚ್ಚುವ ದಿಕ್ಕಿಗೆ ಒಮ್ಮೆಲೇ ಎಳೆಯದೆ, ಮೊದಲು ಬಿಗಿಯುವ ದಿಕ್ಕಿಗೆ ಕೂದಲೆಳೆಯಷ್ಟು ತಿರುಗಿಸಿದರೆ ತುಕ್ಕಿನ ಬೆಸುಗೆ ಬಿರುಕುಬಿಡುತ್ತದೆ. ಆಮೇಲೆ ಬಿಚ್ಚುವ ಕಡೆಗೆ ಕಾಲು ಸುತ್ತು, ಮತ್ತೆ ಹಿಂದಕ್ಕೆ, ಮತ್ತೆ ಒಂದು ಹನಿ ಎಣ್ಣೆ. ಹೀಗೆ ಮುಂದಕ್ಕೂ ಹಿಂದಕ್ಕೂ ಓಲಾಡಿಸುತ್ತ ಹೋದರೆ ತುಕ್ಕು ಪುಡಿಯಾಗಿ ಹೊರಬೀಳುತ್ತದೆ. ತಿರುಪು ಒಂದು ಬಗೆಯ ರಬ್ಬರಿನಂತೆ ಮೆತ್ತಗೆ ತಿರುಗುತ್ತಿದೆಯೆಂದು ಕೈಗೆ ತೋರಿದರೆ ತಕ್ಷಣವೇ ನಿಲ್ಲಿಸಬೇಕು. ಅದು ಬಿಚ್ಚುತ್ತಿಲ್ಲ, ಮುರಿಯುವ ಮುನ್ನ ಹುರಿಗೊಳ್ಳುತ್ತಿದೆ. ಈ ಎರಡರ ವ್ಯತ್ಯಾಸವನ್ನು ಕೈ ಬೇಗನೆ ಕಲಿತುಕೊಳ್ಳುತ್ತದೆ.

ಎಣ್ಣೆಗೆ ಬಗ್ಗದ್ದು ಕೆಲವೊಮ್ಮೆ ಶಾಖಕ್ಕೆ ಬಗ್ಗುತ್ತದೆ. ಅಲ್ಯುಮಿನಿಯಮ್ಮು ಉಕ್ಕಿಗಿಂತ ಸುಮಾರು ಇಮ್ಮಡಿ ಹಿಗ್ಗುವ ಲೋಹವಾದುದರಿಂದ, ಅಲ್ಯುಮಿನಿಯಮ್ಮಿನ ಕಾಲಿನಲ್ಲಿ ಸಿಕ್ಕಿಬಿದ್ದ ಉಕ್ಕಿನ ತಿರುಪು, ಆ ಭಾಗದ ಮೇಲೆ ಕುದಿಯುವ ನೀರನ್ನು ಹೊಯ್ದ ಮಾತ್ರಕ್ಕೇ ಸಡಿಲವಾಗುವುದುಂಟು. ಆದರೆ ಎನಾಮೆಲ್ಲಿನ ಹತ್ತಿರ ಅನಿಲಜ್ವಾಲೆಯನ್ನು ಹಿಡಿಯಕೂಡದು. ಒಂದೇ ಕಡೆ ಕಾದ ಗಾಜು ಸಿಡಿಯುತ್ತದೆ. ಎಣ್ಣೆ ಹಚ್ಚಿದ ಮೇಲೆ ಜ್ವಾಲೆ ಹಿಡಿಯುವುದಂತೂ ಎಲ್ಲಿಯೂ ಕೂಡದು. ಸತುವಿನ ಲೇಪವುಳ್ಳ ವಸ್ತುವನ್ನು ಕೆಂಪಗೆ ಕಾಯಿಸಿದರೆ ಬರುವ ಬಿಳಿಯ ಹೊಗೆಯನ್ನು ಸೇವಿಸಿದವರಿಗೆ ಅಂದು ರಾತ್ರಿಯೇ ಚಳಿಜ್ವರ ಬರುವುದೆಂಬುದು ಬೆಸುಗೆಯವರೆಲ್ಲ ಬಲ್ಲ ವಿಷಯ.

ಇಷ್ಟೆಲ್ಲ ಮಾಡಿದರೂ ಜಗ್ಗದ ತಿರುಪುಗಳು ಇದ್ದೇ ಇರುತ್ತವೆ. ಅವುಗಳೊಡನೆ ಹಟ ಹಿಡಿಯದೆ ಕತ್ತರಿಸುವುದೇ ಲೇಸು. ಹಿಂದುಗಡೆ ನಟ್ಟಿದ್ದರೆ, ಹ್ಯಾಕ್ಸಾ ಗರಗಸದಿಂದ ನಟ್ಟಿನ ಒಂದು ಪಕ್ಕವನ್ನು ಸುರುಳಿಯವರೆಗೆ ಸೀಳಿ, ಆ ಸೀಳಿನಲ್ಲಿ ಉಳಿಯ ತುದಿಯನ್ನಿಟ್ಟು ತಿರುವಿದರೆ ನಟ್ಟು ಬಾಯಿಬಿಡುತ್ತದೆ. ನಟ್ಟಿನ ಕಡೆ ಕೈ ಹೋಗದಿದ್ದರೆ ತಿರುಪಿನ ತಲೆಯನ್ನೇ ಅರದಿಂದಲೋ ಬೈರಿಗೆಯಿಂದಲೋ ಹಾರಿಸಿ, ಉಳಿದ ಕಡ್ಡಿಯನ್ನು ಮೊಂಡು ಮೊಳೆಯಿಂದ ಒಳಕ್ಕೆ ತಳ್ಳುವುದು. ವಿದ್ಯುತ್ತಿನ ಸಾಣೆಚಕ್ರವನ್ನು ಉಪಯೋಗಿಸುವವರು ಸುತ್ತಲಿನ ಎನಾಮೆಲ್ಲನ್ನು ಒದ್ದೆ ಗೋಣಿಯಿಂದ ಮುಚ್ಚಬೇಕು. ಹಾರುವ ಕಿಡಿಗಳು ಗಾಜಿನ ಮೇಲೆ ಸಣ್ಣ ಸಣ್ಣ ಕಪ್ಪುಚುಕ್ಕೆಗಳಾಗಿ ಬೆಸೆದುಕೊಂಡರೆ ಮತ್ತೆ ಹೋಗವು. ಕಣ್ಣಿಗೆ ರಕ್ಷಣೆಯ ಕನ್ನಡಕ ಕಡ್ಡಾಯ. ತಿರುಗುವ ಬೈರಿಗೆಯ ಹತ್ತಿರ ಸೆರಗು, ಜಡೆ, ಜೋಲುವ ತೋಳು ಇವು ಬಾರದಂತೆ ಬಿಗಿದು ಕಟ್ಟಿಕೊಳ್ಳಬೇಕು. ಆಗ ಕೈಗವಸನ್ನೂ ಹಾಕಿಕೊಳ್ಳಬಾರದು, ಬೈರಿಗೆಯು ಬಟ್ಟೆಯೊಡನೆ ಬೆರಳನ್ನೂ ಸುತ್ತಿಕೊಳ್ಳುತ್ತದೆ.

ತಿರುಪು ರಂಧ್ರದೊಳಗೇ ಸಮವಾಗಿ ಮುರಿದು ಕೂತಿದ್ದರೆ ಕೆಲಸ ಸ್ವಲ್ಪ ನಾಜೂಕಿನದು. ಮುರಿದ ಮುಖವನ್ನು ಅರದಿಂದ ಸಮಮಾಡಿ, ನಡುಮಧ್ಯದಲ್ಲಿ ಗುರುತುಮೊಳೆಯಿಂದ ಒಂದು ಕುಳಿ ಹೊಡೆಯಬೇಕು. ಈ ಕುಳಿಯೇ ಮುಂದಿನ ಸಮಸ್ತಕ್ಕೂ ಆಧಾರ. ಇದು ಒಂದು ಪಕ್ಕಕ್ಕೆ ಸರಿದರೆ ಬೈರಿಗೆಯು ಗಟ್ಟಿಯಾದ ತಿರುಪನ್ನು ಬಿಟ್ಟು ಮೆತ್ತಗಿರುವ ಪಕ್ಕದ ಲೋಹವನ್ನು ಕೊರೆಯುತ್ತದೆ. ಮೊದಲು ಸಣ್ಣ ಅಲಗು, ಆಮೇಲೆ ದೊಡ್ಡದು. ನಿಧಾನವಾದ ವೇಗ, ಗಟ್ಟಿಯಾದ ಒತ್ತು, ಆಗಾಗ ಒಂದು ಹನಿ ಎಣ್ಣೆ. ಎಡಸುತ್ತಿನ ಅಲಗು ಸಿಕ್ಕಿದರೆ ಅದನ್ನೇ ಉಪಯೋಗಿಸುವುದು ಜಾಣತನ. ಕೊರೆಯುತ್ತ ಕೊರೆಯುತ್ತ ಅದರ ಸೆಳೆತಕ್ಕೇ ಮುರಿದ ತುಂಡು ತಿರುಗಿ ಹೊರಬರುವುದುಂಟು. ಕಾಲಂಗುಲದ ತಿರುಪಿಗೆ, ಅಂಗುಲಕ್ಕೆ 20 ಸುತ್ತಿನದಾದರೆ, 5.1 ಮಿಲಿಮೀಟರಿನವರೆಗೆ ಕೊರೆಯಬಹುದು. ಆಗ ಉಳಿಯುವುದು ಸುರುಳಿಯ ತೆಳು ಎಳೆ ಮಾತ್ರ. ಅದನ್ನು ಸೂಜಿಮೊನೆಯಿಂದ ಎತ್ತಿ, ತಂತಿಯಂತೆ ಬಿಡಿಸಿ ತೆಗೆಯಬಹುದು.

ಮುರಿದ ತಿರುಪನ್ನು ಹೊರಕ್ಕೆಳೆಯಲೆಂದೇ ಗಟ್ಟಿಯುಕ್ಕಿನಿಂದ ಮಾಡಿದ ಮೊನಚುಸಾಧನವೊಂದು ಅಂಗಡಿಗಳಲ್ಲಿ ಬಹಳ ಹೊಗಳಿಕೆಯೊಡನೆ ಮಾರಾಟವಾಗುತ್ತದೆ. ಸಣ್ಣ ತಿರುಪುಗಳ ವಿಷಯದಲ್ಲಿ ನಮಗೆ ಅದರ ಮೇಲೆ ಭರವಸೆಯಿಲ್ಲ. ಅದು ಎಷ್ಟು ಗಟ್ಟಿಯೋ ಅಷ್ಟೇ ಪೆಡಸು. ರಂಧ್ರದೊಳಗೆ ಅದೇ ಮುರಿದುಕೊಂಡಿತೆಂದರೆ ಸಾಧಾರಣವಾದ ಯಾವ ಬೈರಿಗೆಯೂ ಅದನ್ನು ಕೊರೆಯದು. ಒಂದು ಕಂಟಕದ ಸ್ಥಾನದಲ್ಲಿ ಎರಡಾದಂತಾಯಿತು. ಗ್ರಿಲ್ಲೆಂಬುದು ಗಡಿಯಾರವಲ್ಲ. ಬೋಗುಣಿಯ ತಗಡಿನಲ್ಲಿ ರಂಧ್ರವನ್ನು ಪೂರ್ತಿಯಾಗಿ ಕೊರೆದುಬಿಟ್ಟು, ಆರುಪಾರಾಗಿ ಬೋಲ್ಟನ್ನು ತೂರಿಸಿ, ಹಿಂದೆ ಬಿಲ್ಲೆಯನ್ನೂ ನಟ್ಟನ್ನೂ ಹಾಕಿದರೆ ಮೊದಲಿಗಿಂತಲೂ ಭದ್ರವಾಗುತ್ತದೆ. ಎನಾಮೆಲ್ಲನ್ನು ಕೊರೆಯುವಲ್ಲಿ ಅಂಟುಪಟ್ಟಿಯನ್ನು ಹಚ್ಚಿ ಅದರ ಮೇಲಿಂದಲೇ, ಒತ್ತದೆ, ಪ್ರಾರಂಭಿಸಬೇಕು. ಅಂಚಿನಲ್ಲಿ ಸ್ವಲ್ಪ ಸಿಡಿದೇ ಸಿಡಿಯುತ್ತದೆ. ಆ ಬತ್ತಲೆಯಾದ ಉಕ್ಕಿಗೆ ಶಾಖ ತಾಳುವ ಬಣ್ಣವನ್ನು ಹೊರಗಡೆ ಹಚ್ಚುವುದು.

ಗಾಳಿಕಿಂಡಿಯ ಬಿಲ್ಲೆಗಳನ್ನು ಕೂರಿಸಿರುವುದು ತಿರುಪಿನಿಂದಲ್ಲ, ರಿವೆಟ್ಟಿನಿಂದ. ಹಳೆಯ ಮಾದರಿಗಳಲ್ಲಿ ಬೋಗುಣಿಯ ತಳದಲ್ಲಿ ಇಂಥವು ಮೂರಿರುತ್ತವೆ. ಬಿಲ್ಲೆ ತಿರುಗದಿದ್ದರೆ ಮೊದಲು ಎಣ್ಣೆ ಹಾಕಿ ಆಡಿಸಿನೋಡಿ, ಬಗ್ಗದಿದ್ದರೆ ಮಾತ್ರ ರಿವೆಟ್ಟಿನ ತಲೆಯನ್ನು ಕೊರೆದು ಹಾರಿಸುವುದು. ಅದರ ಸ್ಥಾನದಲ್ಲಿ ಸಣ್ಣ ಬೋಲ್ಟನ್ನು ಹಾಕಿ, ಸಡಿಲವಾಗದಂತೆ ಎರಡು ನಟ್ಟುಗಳನ್ನು ಒಂದರ ಮೇಲೊಂದು ಬಿಗಿದರೆ ಸಾಕು. ಕಿಂಡಿ ಮುಚ್ಚದಿದ್ದರೆ ಕೆಂಡವನ್ನು ಆರಿಸುವ ದಾರಿಯಿಲ್ಲವಾದ್ದರಿಂದ ಇದನ್ನು ಹಾಗೆಯೇ ಬಿಡಲಾಗದು.

ಎರಕದ ಕಬ್ಬಿಣದ ಸಣ್ಣ ಹಿಬಾಚಿ ಒಲೆಗಳೂ ಹೀಗೆಯೇ ಅಗ್ಗವಾಗಿ ಸಿಕ್ಕುತ್ತವೆ. ಅವುಗಳಿಗೆ ಎಣ್ಣೆ, ಶಾಖ, ಗರಗಸ ಎಲ್ಲವೂ ಸಲ್ಲುತ್ತದೆ, ಸುತ್ತಿಗೆಯೊಂದು ಮಾತ್ರ ಸಲ್ಲದು. ಎರಕವು ಬಗ್ಗುವುದಿಲ್ಲ, ಒಡೆಯುತ್ತದೆ. ನಮ್ಮ ಊರಿನಲ್ಲಿ ಅಟ್ಟದ ಮೇಲೆ ಕೂತಿರುವ ಇದ್ದಲ ಇಸ್ತ್ರಿಪೆಟ್ಟಿಗೆಯ ಮುಚ್ಚಳದ ಕೀಲನ್ನು ಬಿಡಿಸುವವರಿಗೂ ಇದೇ ಎಚ್ಚರಿಕೆ ಅನ್ವಯಿಸುತ್ತದೆ.

ಹೊಸ ತಿರುಪನ್ನು ಆರಿಸುವಾಗ ಬೆಲೆಗಿಂತ ಜಾತಿಯನ್ನು ನೋಡಬೇಕು. ಬೆಂಕಿಯ ಕಡೆಗಿರುವ ಯಾವುದಕ್ಕೂ ಸತುವಿನ ಲೇಪದ ತಿರುಪು ಬೇಡ. ಸತುವು 419 ಡಿಗ್ರಿ ಸೆಂಟಿಗ್ರೇಡಿನಲ್ಲಿ ಕರಗುತ್ತದೆ. ಉರಿಯುವ ಇದ್ದಲಿನ ಶಾಖ ಅದನ್ನು ಸುಲಭವಾಗಿ ಮೀರುತ್ತದೆ. ಹಳೆಯ ಸಾಮಾನುಪೆಟ್ಟಿಗೆಗಳಲ್ಲಿ ಹೊನ್ನಿನ ಛಾಯೆಯ ತಿರುಪುಗಳು ಸಿಕ್ಕಿದರೆ ಅವನ್ನಂತೂ ಅಡಿಗೆಯ ಸಾಧನದ ಹತ್ತಿರ ತರಲೇಬೇಡಿ. ಕೆಲವಕ್ಕೆ ಕ್ಯಾಡ್ಮಿಯಂ ಲೇಪವಿರುತ್ತದೆ. ಅದು 321 ಡಿಗ್ರಿಯಲ್ಲಿಯೇ ಕರಗುವ ಲೋಹ, ಅದರ ಹೊಗೆ ವಿಷ. ನೂರಕ್ಕೆ 18 ಪಾಲು ಕ್ರೋಮಿಯಂ 8 ಪಾಲು ನಿಕ್ಕಲ್ ಬೆರೆತ, 304 ಎಂಬ ಸಂಖ್ಯೆಯ ಸ್ಟೇನ್‌ಲೆಸ್ ಉಕ್ಕು ಉತ್ತಮ. ಆದರೆ ಸ್ಟೇನ್‌ಲೆಸ್ ನಟ್ಟು ಸ್ಟೇನ್‌ಲೆಸ್ ಬೋಲ್ಟಿನ ಮೇಲೆ ಒಣಗಿದಂತೆ ತಿರುಗಿದರೆ ಒಂದನ್ನೊಂದು ಕಚ್ಚಿಕೊಂಡು ತುಕ್ಕಿಲ್ಲದೆಯೇ ಸಿಕ್ಕಿಬೀಳುವ ಸ್ವಭಾವವುಳ್ಳದ್ದು. ಅದಕ್ಕಾಗಿ ಸುರುಳಿಗೆ ಶಾಖ ತಾಳುವ ಲೇಪವನ್ನು ಸವರಿಯೇ ಕೂರಿಸಬೇಕು. ಇನ್ನೊಂದು ಮಾತು: ಅಮೆರಿಕೆಯ ಹಳೆಯ ಗ್ರಿಲ್ಲುಗಳ ತಿರುಪು ಅಂಗುಲದ ಲೆಕ್ಕದ್ದು. ಕಾಲಂಗುಲವೆಂದರೆ 6.35 ಮಿಲಿಮೀಟರು. 6 ಮಿಲಿಮೀಟರಿನ ತಿರುಪು ನೋಟಕ್ಕೆ ಅದರಂತೆಯೇ ಇದ್ದು ರಂಧ್ರದಲ್ಲಿ ಕೂತಂತೆ ತೋರಿದರೂ ಭಾರ ಬಿದ್ದಾಗ ಕಳಚಿಕೊಳ್ಳುತ್ತದೆ.

ಎಲ್ಲವನ್ನೂ ಜೋಡಿಸಿದ ಮೇಲೆ ಎಣ್ಣೆಯ ಅಂಶ ಹೋಗುವಂತೆ ಸಬೂನಿನಿಂದ ತೊಳೆದು, ಕಾಲುಗಳನ್ನು ಒಂದೊಂದಾಗಿ ಹಿಡಿದು ಅಲುಗಿಸಿ ನೋಡಿ, ಮೊದಲ ಬೆಂಕಿಯನ್ನು ಅಡಿಗೆಯಿಲ್ಲದೆ ಒಂದು ಗಂಟೆಯಾದರೂ ಉರಿಸತಕ್ಕದ್ದು. ಇದು ಬಯಲಿನಲ್ಲಿಯೇ ಆಗಬೇಕು. ಮಳೆಯೆಂದು ಗ್ಯಾರೇಜಿನೊಳಕ್ಕೆ ಎಳೆದುಕೊಂಡರೆ ಇದ್ದಲಿನಿಂದ ಹೊರಡುವ, ವಾಸನೆಯೂ ಬಣ್ಣವೂ ಇಲ್ಲದ ಕಾರ್ಬನ್ ಮೊನಾಕ್ಸೈಡ್ ಅನಿಲವು ಪ್ರಾಣವನ್ನೇ ತೆಗೆದೀತು. ತುಕ್ಕು ಉಜ್ಜಲು ತಂತಿಯ ಕುಂಚವನ್ನು ಉಪಯೋಗಿಸಿದ್ದರೆ ಅದು ಅಡಿಗೆಯ ಜಾಲರಿಯ ಹತ್ತಿರ ಹೋಗಕೂಡದು. ಉದುರಿದ ತಂತಿಯ ಎಳೆ ಊಟದೊಡನೆ ಗಂಟಲಿಗೂ ಕರುಳಿಗೂ ಚುಚ್ಚಿ ಶಸ್ತ್ರಚಿಕಿತ್ಸೆಯವರೆಗೆ ಹೋದ ಪ್ರಸಂಗಗಳು ವೈದ್ಯರ ಪತ್ರಿಕೆಗಳಲ್ಲಿ ದಾಖಲಾಗಿವೆ.

ಉಳಿದದ್ದು ಮರದ ಹಿಡಿಕೆ. ತಿರುಪು ಬಿಚ್ಚಿರುವಾಗಲೇ ಅದನ್ನು ಉಜ್ಜುಕಾಗದದಿಂದ ತಿಕ್ಕಿ, ಅಗಸೆಯೆಣ್ಣೆಯನ್ನು ಬಟ್ಟೆಯಿಂದ ಸವರಿ, ಎರಡು ಮೂರು ದಿನ ಒಣಗಿಸಿದರೆ ಹೊಸದರಂತಾಗುತ್ತದೆ. ಎಣ್ಣೆ ಸವರಿದ ಆ ಬಟ್ಟೆಯನ್ನು ಮಾತ್ರ ಮುದ್ದೆಮಾಡಿ ಕಸದ ಬುಟ್ಟಿಗೆ ಎಸೆಯಬಾರದು. ಅಗಸೆಯೆಣ್ಣೆ ಒಣಗುವಾಗ ಶಾಖ ಹುಟ್ಟುತ್ತದೆ. ಮುದ್ದೆಯೊಳಗೆ ಆ ಶಾಖ ಕೂಡಿಕೊಂಡು ಯಾರೂ ಕಿಡಿ ಹಚ್ಚದೆಯೇ ಬಟ್ಟೆ ಹೊತ್ತಿಕೊಳ್ಳುತ್ತದೆ. ಅದನ್ನು ನೀರಿನಲ್ಲಿ ಅದ್ದಿ, ಹೊರಗೆ ಬೇಲಿಯ ಮೇಲೆ ಒಂದೇ ಪದರವಾಗಿ ಹರವಿ, ಗರಿಗರಿಯಾಗಿ ಒಣಗಿದ ಮೇಲೆಯೇ ಕಸಕ್ಕೆ ಹಾಕುವುದು.